ಮೇಲೇಳದ ಕಮಾನು

ನನ್ನ ದನಿ ಹೋಗಿ ಮರಳಿ ಬಂದ ಕಥೆ ನಮ್ಮ ಜಮಖಂಡಿಯಲ್ಲಿ ಈಗ ಎಷ್ಟು ಪಳಗಿದೆಯೆಂದರೆ, ಅದನ್ನು ಹೇಳಲು ನನ್ನ ಅವಶ್ಯಕತೆ ಯಾರಿಗೂ ಉಳಿದಿಲ್ಲ. ತಂದೆತಾಯಿ ಇಲ್ಲದ ನನ್ನನ್ನು ಸಾಕಿದ ಕಾಕಾ ಕಟ್ಟೆಯ ಮೇಲೆ ಕೂತು ಹೇಳುವುದು ಹೀಗೆ:

“ನಮ್ಮ ರಾಘ್ಯಾ ಪುಣ್ಯಾದಾಗ ದೊಡ್ಡ ಸಭಾದಾಗ ನಿಂತು ರೂಢಿ ಗೀಢಿ ಎಲ್ಲಾ ಸುಳ್ಳು ಅಂತ ವಾದಾ ಮಾಡಿದ. ಗೆದ್ದೂ ಗೆದ್ದ. ಮೂರು ವಾರದಾಗ ಗಣಪತಿ ಅವನ ದನೀನ ಮೂಗಿನಾಗ ಕಟ್ಟಿಹಾಕಿದ. ಆಮ್ಯಾಲೆ, ಮಗಳನ್ನ ಕಳಕೊಂಡ ಒಬ್ಬ ಪುಣ್ಯಾತಗಿತ್ತಿ ಇವನ ಸಲುವಾಗಿ ಹರಕಿ ಹೊತ್ತಳು. ದನಿ ತಿರುಗಿ ಬಂತು. ಈಗ ಹೇಳ್ರಿ, ದೇವರು ಇದ್ದಾನೋ ಇಲ್ಲೋ?”

“ಇದ್ದಾನ್ರಿ, ಇದ್ದಾನ” ಎನ್ನುತ್ತಾರೆ ಕೇಳುವವರು.

ಎದುರು ಪಕ್ಷದ ಮಾತನ್ನು ಮೊದಲು ನೆಟ್ಟಗೆ ಒಪ್ಪಿಸು, ಆಮೇಲೆ ಕೆಡಹು ಎಂಬುದು ವಾದ ಕಲಿಯುವವನಿಗೆ ಮೊದಲ ಪಾಠ. ಒಪ್ಪಿಸಿದ್ದೇನೆ. ಇನ್ನು ಆಕ್ಷೇಪ. ನನ್ನ ಮಾತು ಗಣಪತಿಗೆ ಅಷ್ಟು ನಾಟಿದ್ದರೆ ಸಭೆಗೆ ಮೊದಲೇ ಗಂಟಲು ಹಿಡಿಯಬಹುದಿತ್ತು. ಗೆಲ್ಲಲು ಬಿಟ್ಟು, ಕೈಗೆ ಬೆಳ್ಳಿಯ ಬಟ್ಟಲು ಕೊಡಿಸಿ, ಮೂರು ವಾರ ಕಾದು ಹಿಡಿದದ್ದೇಕೆ? ಅಲ್ಲದೆ ನನ್ನದೇ ಪಕ್ಷದಲ್ಲಿ ಮಾತಾಡಿದ ಸಾತಾರೆಯ ಗೆಳೆಯ ನನಗಿಂತ ಕಟುವಾಗಿ ಮಾತಾಡಿದ್ದ. ಅವನಿಗೆ ಒಂದು ಸೀನೂ ಬರಲಿಲ್ಲ. ಇವನ್ನೆಲ್ಲ ಕಾಕಾನ ಎದುರಿಗೇ ಹೇಳಿದ್ದೇನೆ. “ದೇವರ ಲೆಕ್ಕಾ ನಿನಗ ತಿಳಿಯೂದಿಲ್ಲ ಬಿಡು” ಎಂದು ಅವರು ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸಿದರು, ಅಷ್ಟೇ.

ಆದರೆ ಇವೆಲ್ಲ ಹಗುರ ಆಕ್ಷೇಪಗಳು. ನಿಜವಾದದ್ದು ಬೇರೆ ಇದೆ. ‘ಮಗಳನ್ನ ಕಳಕೊಂಡ’ ಎಂದು ಕಾಕಾ ಒಂದೇ ಉಸಿರಿನಲ್ಲಿ ದಾಟಿಹೋಗುತ್ತಾರಲ್ಲ, ಆ ಮಗಳಿಗೊಂದು ಹೆಸರಿತ್ತು. ಇಂದೂ. ನಾಲ್ಕು ವರ್ಷ. ಅವಳು ತೀರಿಕೊಂಡದ್ದು ಘಟಸರ್ಪದಿಂದ. ಗಂಟಲಲ್ಲಿ ಪೊರೆ ಕಟ್ಟಿ ಉಸಿರು ನಿಲ್ಲಿಸುವ ರೋಗ. ನನ್ನ ದನಿ ಕೆಡಿಸಿದ್ದೂ ಅದೇ ರೋಗ. ಕಾಕಾನ ಕಥೆಯಲ್ಲಿ ಎರಡೂ ಬೇರೆ ಬೇರೆ: ಅವಳದು ಹಣೆಬರಹ, ನನ್ನದು ಶಿಕ್ಷೆ. ನನಗೆ ಅವನ್ನು ಹಾಗೆ ಬಿಡಿಸಲು ಬರುವುದಿಲ್ಲ. ಆ ರೋಗ ನನ್ನಿಂದ ಅವಳಿಗೆ ಹೋಯಿತೇ? ದನಿ ಬಂದ ಮೇಲೂ ನಾನು ಗುಣವಾಗಲು ಬಾಕಿ ಉಳಿದಿರುವುದು ಇಷ್ಟೇ.

ಪುಣೆಯಲ್ಲಿ ನಾನು ವಾರಾನ್ನದ ವಿದ್ಯಾರ್ಥಿಯಾಗಿದ್ದೆ. ಏಳು ದಿನಕ್ಕೆ ಏಳು ಮನೆ. ದಿನಕ್ಕೊಬ್ಬರ ಮನೆಯಲ್ಲಿ ಊಟ. ನಮ್ಮ ಕಡೆಯಿಂದ ಓದಲು ಬಂದ ಬಡವರಿಗೆ ಅದು ಹಳೆಯ ದಾರಿ. ಮಂಗಳವಾರದ್ದು ಶ್ರೀಪಾದರಾಯರ ಮನೆ. ಅವರು ಬಿಜಾಪುರದ ಕಡೆಯವರು, ದಂಡಿನ ಕಚೇರಿಯಲ್ಲಿ ಕಾರಕೂನರು. ಸದಾಶಿವ ಪೇಠೆಯ ಒಂದು ವಾಡೆಯ ಹಿಂಬದಿಗೆ ಅವರದು ಎರಡು ಖೋಲಿ. ಹೆಂಡತಿ ಅಂಬಾಬಾಯಿ, ನನಗೆ ಅತ್ತಿಗೆಯಂತೆ, ಅಂಬಾ ವೈನಿ. ಉಳಿದ ಆರು ಮನೆಗಳಲ್ಲಿ ನಾನು ತಲೆ ತಗ್ಗಿಸಿ ಉಣ್ಣುತ್ತಿದ್ದೆ. ಇದೊಂದು ಮನೆಯಲ್ಲಿ ಮಾತ್ರ ಜಗಳಾಡುತ್ತ ಉಣ್ಣುತ್ತಿದ್ದೆ.

“ರಾಘು, ಅನ್ನಕ್ಕೂ ಪ್ರಮಾಣ ಬೇಕೇನು, ಇಲ್ಲಾ ಹಂಗ ಉಣ್ತೀಯೋ?” ಎಂದು ವೈನಿ ಬಡಿಸುವಾಗಲೇ ಕೆಣಕುವರು.

“ಅನ್ನ ಪ್ರತ್ಯಕ್ಷ ಅದರಿ ವೈನಿ. ಪ್ರತ್ಯಕ್ಷಕ್ಕ ಬ್ಯಾರೆ ಪ್ರಮಾಣ ಬ್ಯಾಡ.”

“ಹಂಗಾರ ತುಪ್ಪ ಅನುಮಾನ. ಅದ ಅಂತ ತಿಳಕೊಂಡು ಉಣ್ಣು.”

ಶ್ರೀಪಾದರಾಯರು ನಕ್ಕು ನೆತ್ತಿಗೇರಿಸಿಕೊಳ್ಳುವರು. ನನ್ನ ಮಗ್ಗುಲಲ್ಲೇ ತನ್ನ ಚಿಕ್ಕ ಮಣೆ ಎಳೆದುಕೊಂಡು ಕೂತ ಇಂದೂ, ನಾನು ಹೇಳಿದ ಕೊನೆಯ ಶಬ್ದವನ್ನು ಹಿಡಿದು, “ಪಮಾಣಾ! ಪಮಾಣಾ!” ಎಂದು ಊಟ ಮುಗಿಯುವ ತನಕ ತಟ್ಟೆ ಬಾರಿಸುವಳು.

ಆ ಚಳಿಗಾಲದಲ್ಲಿ ಅಂತರ ಕಾಲೇಜು ವಾದಸ್ಪರ್ಧೆಯ ಕೊನೆಯ ಸುತ್ತು ಒಂದು ಶನಿವಾರ ಇತ್ತು. ‘ಪ್ರಮಾಣವಿಲ್ಲದ ರೂಢಿಯನ್ನು ಬಿಡತಕ್ಕದ್ದು’ ಎಂಬುದು ವಿಷಯ. ನಾನು ಅದರ ಪರ. ಹಿಂದಿನ ಭಾನುವಾರವೇ ನನ್ನ ಗಂಟಲು ಕೆರೆಯತೊಡಗಿತ್ತು. ನೆಗಡಿ ಎಂದುಕೊಂಡೆ. ಪಟಿಕದ ನೀರಿನಲ್ಲಿ ಬಾಯಿ ಮುಕ್ಕಳಿಸಿದೆ, ಕೊರಳಿಗೆ ಮಫ್ಲರ್ ಸುತ್ತಿದೆ, ಯಾರಿಗೂ ಹೇಳಲಿಲ್ಲ. ಹೇಳಿದರೆ ನನ್ನ ಬದಲು ಬೇರೆಯವನನ್ನು ನಿಲ್ಲಿಸುತ್ತಿದ್ದರು. ಮಂಗಳವಾರ ಎಂದಿನಂತೆ ವೈನಿಯ ಮನೆಗೆ ಊಟಕ್ಕೆ ಹೋದೆ. ಶನಿವಾರ ಮಾತಾಡಿದೆ, ಗೆದ್ದೆ. ಆ ಹೊತ್ತಿಗೆ ಗಂಟಲು ತಾನಾಗಿಯೇ ತಿಳಿಯಾಗುತ್ತಿತ್ತು.

ಮುಂದಿನ ಮಂಗಳವಾರ ಬೆಳ್ಳಿಯ ಬಟ್ಟಲನ್ನು ಕರವಸ್ತ್ರದಲ್ಲಿ ಸುತ್ತಿ ವೈನಿಗೆ ತೋರಿಸಲೆಂದು ಒಯ್ದೆ. ವಾಡೆಯ ಬಾಗಿಲಲ್ಲೇ ಗಂಧಕದ ಹೊಗೆ. ಮುನಸಿಪಾಲಿಟಿಯ ಇಬ್ಬರು ಆಳುಗಳು ಖೋಲಿಯ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಶ್ರೀಪಾದರಾಯರು ಅಂಗಳದ ನಲ್ಲಿಯ ಕಟ್ಟೆಯ ಮೇಲೆ ಕೂತಿದ್ದರು.

“ಹೋದಳಪಾ,” ಎಂದರು. “ಶುಕ್ರವಾರ ಜ್ವರಾ ಬಂತು. ಭಾನುವಾರ ಹೋದಳು. ಡಾಕ್ಟರು ಘಟಸರ್ಪ ಅಂದರು. ದವಾಖಾನಿಗೆ ಒಯ್ಯೂ ಟಾಂಗಾ ಬರೂದರೊಳಗ ಮುಗದಿತ್ತು.”

ನಾನು ಕರವಸ್ತ್ರದ ಗಂಟನ್ನು ಬೆನ್ನ ಹಿಂದೆ ಹಿಡಿದು ಬಂದುಬಿಟ್ಟೆ. ದಾರಿಯುದ್ದಕ್ಕೂ ಅತ್ತೆ. ಆದರೆ ನನ್ನ ಗಂಟಲಿನ ನೆನಪು ಒಮ್ಮೆಯೂ ಆಗಲಿಲ್ಲ. ಅದೀಗ ನೋಯುತ್ತಿರಲಿಲ್ಲ, ನೋಯದ್ದರಿಂದ ಅದು ಇರಲೇ ಇಲ್ಲ. ಇಂಥ ಅನುಮಾನವನ್ನು ಎದುರು ಪಕ್ಷದವರು ಮಾಡಿದ್ದರೆ ನಾನು ವೇದಿಕೆಯ ಮೇಲೆ ಹರಿದು ಹಾಕುತ್ತಿದ್ದೆ.

ಮೂರನೆಯ ವಾರದಲ್ಲಿ ನನ್ನ ಮಾತು ಮೂಗಿಗೆ ಏರಿತು.

ನನ್ನ ಖೋಲಿಯ ಜೊತೆಗಾರ ಬಿಂದುಮಾಧವ, ನಮಗೆಲ್ಲ ಬಿಂದ್ಯಾ, ವೈದ್ಯಕೀಯ ಓದುತ್ತಿದ್ದ. ಅವನು ಮೊದಲು ನಾನು ಯಾರೋ ಪ್ರೊಫೆಸರರ ಅಣಕು ಮಾಡುತ್ತಿದ್ದೇನೆಂದುಕೊಂಡ. “ಸಾಕೋ, ಹೊಟ್ಟಿ ಹುಣ್ಣಾತು” ಎಂದ. ನಾನು ಅಣಕಿಸುತ್ತಿಲ್ಲ ಎಂದೆ. ಅದನ್ನೂ ಅಣಕವೆಂದೇ ತಿಳಿದು ಇನ್ನಷ್ಟು ನಕ್ಕ. ‘ಬಾ’ ಎಂದರೆ ‘ಮಾ’ ಎಂದು ಕೇಳುತ್ತಿತ್ತು. ‘ಗಂಟೆ’ ಎಂಬುದು ಇಡಿಯಾಗಿ ಮೂಗಿನಲ್ಲೇ ಮುಗಿಯುತ್ತಿತ್ತು.

ಎರಡು ದಿನದ ಮೇಲೆ ಗುರುವಾರದ ಮನೆಯಲ್ಲಿ ಪಂಕ್ತಿಯಲ್ಲಿ ಕೂತು ಮಜ್ಜಿಗೆ ಕುಡಿದೆ. ಅದು ಒಳಗೆ ಹೋಗಲಿಲ್ಲ. ಮೂಗಿನ ಎರಡೂ ಹೊಳ್ಳೆಗಳಿಂದ ಇಳಿದು ಎಲೆಯ ಮೇಲೆ ಬಿತ್ತು. ಎದುರಿಗೆ ಕೂತ ಹಿರಿಯರು ತುತ್ತನ್ನು ಕೈಯಲ್ಲೇ ಹಿಡಿದು ಎದ್ದುಬಿಟ್ಟರು. ಅವರ ಹಿಂದೆ ಸಾಲೇ ಎದ್ದಿತು. ಯಾರೂ ಬೈಯಲಿಲ್ಲ. ಮನೆಯ ಯಜಮಾನಿ ಅಂಗಳದ ತನಕ ಬಂದು, ಬಹಳ ಮೃದುವಾಗಿ, “ಆರಾಮಾಗೂ ಮಟಾ ಬರಬ್ಯಾಡಪಾ” ಎಂದರು. ಸುದ್ದಿ ಪೇಠೆಯಲ್ಲಿ ನನಗಿಂತ ಮುಂದೆ ನಡೆಯುತ್ತಿತ್ತು. ಆ ವಾರದ ಕೊನೆಗೆ ನನ್ನ ಪಾಲಿಗೆ ಯಾವ ವಾರದ ಮನೆಯೂ ಉಳಿಯಲಿಲ್ಲ. ಮಂಗಳವಾರದ ಮನೆ ಮೊದಲೇ ಮುಚ್ಚಿತ್ತು.

ಬಿಂದ್ಯಾ ಈಗ ನಗಲಿಲ್ಲ. ಪೇಠೆಯ ಒಬ್ಬ ಹಳೆಯ ಡಾಕ್ಟರರಲ್ಲಿಗೆ ಕರೆದೊಯ್ದ. ಕಾಯುವ ಬಾಕಿನ ಮೇಲೆ ಐದಾರು ಮಂದಿ, ಒಬ್ಬೊಬ್ಬರ ಕೈಯಲ್ಲೂ ಕಾಗದದ ಪಟ್ಟಿ ಅಂಟಿಸಿದ ಔಷಧದ ಬಾಟಲಿ. ಕಂಪೌಂಡರ್ ಹೆಸರು ಕೇಳಿದ. ಮೂರು ಸಲ ಹೇಳಿದೆ. ಮೂರನೆಯ ಸಲಕ್ಕೆ ಪಕ್ಕದಲ್ಲಿದ್ದ ಹೆಂಗಸು ತನ್ನ ಕೂಸನ್ನು ಎತ್ತಿಕೊಂಡು ಆ ತುದಿಗೆ ಹೋಗಿ ಕೂತಳು. ಕಂಪೌಂಡರ್ ಏನೋ ಒಂದು ಹೆಸರು ಬರೆದುಕೊಂಡ. ಆ ಹೆಸರು ಕರೆದಾಗ ನಾನೇ ಎದ್ದು ಹೋದೆ. ನನ್ನ ಹೆಸರಿಗಾಗಿ ವಾದಿಸುವುದು ಅಂದಿಗೆ ಸಾಧ್ಯವಿರಲಿಲ್ಲ.

ಡಾಕ್ಟರು ಚಮಚೆಯ ಹಿಡಿಕೆಯಿಂದ ನಾಲಿಗೆ ಒತ್ತಿ, “ಆ ಕರಾ” ಎಂದರು. ಆ ಎಂದೆ. ಮತ್ತೊಮ್ಮೆ ಎಂದರು. ಆಮೇಲೆ ನನ್ನ ಕೈಗೆ ಕನ್ನಡಿ ಕೊಟ್ಟು ಮೊದಲು ಬಿಂದ್ಯಾನ ಬಾಯಿ ತೆರೆಸಿದರು. ಗಂಟಲಿನ ಬಾಗಿಲಿಗೆ ಒಂದು ಕಮಾನಿದೆ ಎಂಬುದನ್ನು ನಾನು ಕಂಡದ್ದು ಅವನ ಬಾಯಲ್ಲಿ. ಎರಡು ಬದಿಗೆ ಎರಡು ಕೆಂಪು ಕಂಬ, ಅವು ಮೇಲೆ ಬಾಗಿ ಕೂಡುವಲ್ಲಿ ಕಿರುನಾಲಿಗೆಯ ತೂಗು. ಅವನು ಆ ಎಂದೊಡನೆ ಆ ಕಮಾನು ಇಡಿಯಾಗಿ ಮೇಲೆದ್ದಿತು, ತೆರೆ ಎತ್ತಿದ ಹಾಗೆ. ಮೂಗಿನ ದಾರಿ ಮುಚ್ಚುವುದೇ ಅದು, ಅದಕ್ಕೇ ಮಾತು ಬಾಯಿಂದ ಬರುತ್ತದೆ, ನೀರು ಹೊಟ್ಟೆಗೆ ಹೋಗುತ್ತದೆ ಎಂದು ಡಾಕ್ಟರು ಹೇಳಿದರು. ಈಗ ನಿನ್ನದು ನೋಡಿಕೊ ಎಂದರು.

ನನ್ನದು ಅಲುಗಲಿಲ್ಲ. ಆ ಎಂದೆ, ಇನ್ನೂ ಗಟ್ಟಿಯಾಗಿ ಎಂದೆ. ಒದ್ದೆ ಬಟ್ಟೆಯಂತೆ ಜೋತಿತ್ತು. ನನ್ನದೇ ದೇಹದ ಒಂದು ಭಾಗ ನನ್ನ ಅಪ್ಪಣೆ ಕೇಳುತ್ತಿಲ್ಲ ಎಂಬುದನ್ನು ಕಣ್ಣಾರೆ ನೋಡುವುದು ವಿಚಿತ್ರ. ಬಿಂದ್ಯಾ ಕನ್ನಡಿಯನ್ನು ನನ್ನ ಕೈಯಿಂದ ತೆಗೆದುಕೊಂಡ.

“ಮೂರು ನಾಲ್ಕು ವಾರದ ಹಿಂದೆ ಗಂಟಲು ನೋವಾಗಿತ್ತೇ?” ಡಾಕ್ಟರು ಮರಾಠಿಯಲ್ಲಿ ಕೇಳಿದರು.

ಹೌದೆಂದು ತಲೆಯಾಡಿಸಿದೆ.

“ಅದು ನೆಗಡಿಯಲ್ಲ. ಸರ್ಪ ಬಂದು ಹೋಗಿದೆ. ಇದು ಅದು ಬಿಟ್ಟುಹೋದ ವಿಷ. ಆಗ ನಿನ್ನ ಜೊತೆ ಉಂಡವರು, ಮಲಗಿದವರು ಯಾರಿಗಾದರೂ ಬಂತೇ?”

ಬಿಂದ್ಯಾ ನನ್ನ ಪರವಾಗಿ ಬೇಗ ಉತ್ತರ ಕೊಟ್ಟ: “ನಾನೇ ಇವನ ಜೊತೆ ಮಲಗುವವನು. ನನಗೇನೂ ಆಗಿಲ್ಲ.” ಅದು ಸತ್ಯ. ಆದರೆ ಪೂರ್ತಿ ಉತ್ತರವಲ್ಲ. ಬಿಂದ್ಯಾನಿಗೂ ಅದು ಗೊತ್ತಿತ್ತು. ಹಿಂದಿರುಗುವಾಗ ಲಕಡೀ ಪೂಲ್ ಸೇತುವೆಯ ಮೇಲೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಸರಕಾರಿ ದವಾಖಾನೆಯಲ್ಲಿ ನನ್ನನ್ನು ಎಲ್ಲರಿಂದ ದೂರ, ಒಂದು ಕೊನೆಯ ಖೋಲಿಯಲ್ಲಿ ಮಲಗಿಸಿದರು. ಆರು ವಾರ ಬೆನ್ನ ಮೇಲೆ. ಏಳಕೂಡದು, ಕೂರಕೂಡದು, ಈ ವಿಷ ಹೃದಯಕ್ಕೂ ಇಳಿಯಬಹುದು, ಥಟ್ಟನೆ ಎದ್ದು ಕೂತವರು ಕೂತಲ್ಲೇ ಹೋದದ್ದುಂಟು ಎಂದರು. ಹತ್ತು ದಿನಕ್ಕೆ ಕಣ್ಣೂ ಕೆಟ್ಟಿತು. ಕಿಟಕಿಯಾಚೆಯ ಬೇವಿನ ಎಲೆ ಎಲೆಯೂ ಕಾಣುತ್ತಿತ್ತು, ಕೈಯಲ್ಲಿ ಹಿಡಿದ ಪುಸ್ತಕದ ಅಕ್ಷರ ಮಾತ್ರ ಇರುವೆ ಗೂಡಿನಂತೆ ಕಲಸಿಹೋಗುತ್ತಿತ್ತು. ಮಾತು ಹೋಯಿತು, ಓದು ಹೋಯಿತು. ವಾದ ಮಾಡುವವನಿಗೆ ಎದುರಾಳಿ ಬೇಕು. ನನಗೆ ಛಾವಣಿಯ ತೊಲೆಗಳಿದ್ದವು. ಒಂಟಿತನವೆಂದರೆ ಹತ್ತಿರ ಯಾರೂ ಇಲ್ಲದಿರುವುದು ಎಂದು ತಿಳಿದಿದ್ದೆ. ಅಲ್ಲ. ಕಸಗುಡಿಸುವವಳು ಬರುತ್ತಿದ್ದಳು, ಡಾಕ್ಟರು ಬರುತ್ತಿದ್ದರು, ನಾನು ಮಾತಾಡುತ್ತಿದ್ದೆ. ಅವರು ಅರ್ಥವಾದವರಂತೆ ಮುಗುಳ್ನಕ್ಕು ಹೋಗುತ್ತಿದ್ದರು. ಆ ಮುಗುಳ್ನಗೆಯೇ ಒಂಟಿತನ.

ಈ ರೋಗ ಬಂದು ಇದನ್ನು ಓದುತ್ತಿರುವವರು ಇದ್ದರೆ ಅವರಿಗಾಗಿ ಎರಡು ಮಾತು. ನೀರಿಗೆ ಹೆದರಬೇಡಿ. ನನಗೆ ದಾರಿ ತೋರಿಸಿದವಳು ಅಲ್ಲಿಯ ನರ್ಸು, ಅಹಮದನಗರದ ಕಡೆಯ ಕ್ರಿಸ್ತೀಯ ಹೆಂಗಸು. ನನ್ನನ್ನು ಮೆಲ್ಲಗೆ ಬೋರಲು ಹೊರಳಿಸಿ, ತಲೆಯನ್ನು ಮಂಚದ ಅಂಚಿನಿಂದ ಸ್ವಲ್ಪ ಕೆಳಗೆ ಇಳಿಸಿ, ಗಾಜಿನ ಕೊಳವೆಯಿಂದ ಹೀರಲು ಹೇಳಿದಳು. ಒಂಬತ್ತು ದಿನದ ಮೇಲೆ ಮೊದಲ ಬಾರಿ ನೀರು ಮೂಗಿಗೆ ಹೋಗದೆ ಹೊಟ್ಟೆಗೆ ಇಳಿಯಿತು. ಎರಡನೆಯದು, ತೆಳ್ಳಗಿನದಕ್ಕಿಂತ ಗಟ್ಟಿಯದೇ ಸಲೀಸು. ಬಿಂದ್ಯಾ ಒಂದು ದಿನ ಡಬ್ಬಿಯಲ್ಲಿ ಜೋಳದ ನುಚ್ಚು ತಂದ. ಯಾರು ಮಾಡಿದರೆಂದು ಕೇಳಿದರೆ ಹೇಳಲಿಲ್ಲ. ಅದು ಒಂದು ಹನಿಯೂ ಹಾದಿ ತಪ್ಪಲಿಲ್ಲ.

ಬಿಂದ್ಯಾ ಬರುತ್ತಿದ್ದದ್ದು ವಾರಕ್ಕೆರಡು ಸಲ, ಕಿಟಕಿಯ ತನಕ. ನನ್ನ ಮಾತು ತಿಳಿಯದೆಂದು ಒಂದು ಪಾಟಿ, ಬಳಪ ಕೊಟ್ಟಿದ್ದ. ಹೊತ್ತು ಕಳೆಯಲು ತನ್ನ ಪಾಠವನ್ನು ನನಗೊಪ್ಪಿಸುತ್ತಿದ್ದ.

“ಮನಶ್ಯಾ ಅಂದ್ರ ಬರೇ ಕಮಾನೋ ಮಾರಾಯಾ. ಅಂಗಾಲಿನಾಗ ಕಮಾನು ಅದ, ಅದು ಕುಸದರ ನಡಿಗಿ ಹೋತು. ಗಲ್ಲದ ಎಲುಬು ಕಮಾನು. ಹೃದಯದಿಂದ ಹೊಂಟ ದೊಡ್ಡ ರಕ್ತನಾಳ ಮ್ಯಾಲ ಹೋಗಿ ಕಮಾನಾಗಿ ಬಾಗಿ ಕೆಳಗ ಇಳೀತದ. ಕಡೀಕ ಮೆದುಳಿನ ನಟ್ಟನಡುವನೂ ಒಂದು ಅದ, ತೆಳ್ಳಗ, ಬೆಳ್ಳಗ, ಹಿಂದಿನಿಂದ ಮುಂದಕ್ಕ ಬಾಗೇದ.”

ಅದು ಏನು ಮಾಡುತ್ತದೆ ಎಂದು ಪಾಟಿಯ ಮೇಲೆ ದೊಡ್ಡದಾಗಿ ಬರೆದೆ.

“ವಾಸನಿಗೆ ಏನೋ ಸಂಬಂಧ ಅಂತ ಪುಸ್ತಕದಾಗ ಅದ. ನಮ್ಮ ಮಾಸ್ತರು ಮಾತ್ರ, ಖರೇ ಹೇಳಬೇಕಂದ್ರ ಯಾರಿಗೂ ಗೊತ್ತಿಲ್ಲ ಅಂದರು.”

ನಾನು ಕಾಣದ ಆ ಮಾಸ್ತರರ ಮೇಲೆ ನನಗೆ ಗೌರವ ಹುಟ್ಟಿತು. ಮರುದಿನ ಮಧ್ಯಾಹ್ನ ಕಿಟಕಿಯ ಕೆಳಗೆ ಹಣ್ಣು ಮಾರುವವಳೊಬ್ಬಳು ಬುಟ್ಟಿ ಇಳಿಸಿ ದಣಿವಾರಿಸಿಕೊಂಡಳು. ಪೇರಲ ಹಣ್ಣಿನ ವಾಸನೆ ಒಳಗೆ ಬಂತು. ನನ್ನ ಯಾವ ಕಮಾನು ಎದ್ದಿತೋ ಬಿದ್ದಿತೋ ತಿಳಿಯದು. ಆ ಮಂಗಳವಾರ ಇಡಿಯಾಗಿ ಎದುರು ನಿಂತಿತು.

ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಅದರ ಕಡೆ ಮುಖ ಮಾಡಿರಲಿಲ್ಲ. ಸ್ಪರ್ಧೆಗೆ ನಾಲ್ಕು ದಿನ ಮೊದಲು, ಗಂಟಲು ಕೆರೆಯುತ್ತಿದ್ದಾಗಲೇ, ನಾನು ವೈನಿಯ ಮನೆಯ ಪಡಸಾಲೆಯಲ್ಲಿ ಕೂತು ಪೇರಲ ತಿನ್ನುತ್ತಿದ್ದೆ. ಇಂದೂ ಕೈ ಚಾಚಿದಳು.

“ಎಂಜಲಾ ಅದು, ಕೂಸಿಗೆ ಕೊಡಬ್ಯಾಡ,” ಎಂದರು ವೈನಿ. “ಬ್ಯಾರೆ ಹೆಚ್ಚಿ ಕೊಡ್ತೀನಿ ತಡಿ.”

“ಎಂಜಲಾ ಅಂದ್ರ ಏನ್ರಿ ವೈನಿ? ಹಣ್ಣಿಗೆ ಏನಾಗ್ತದ? ಪ್ರಮಾಣ ಹೇಳ್ರಿ.”

“ನಿನ್ನ ಪ್ರಮಾಣಾ ಒಲಿಯಾಗ ಹಾಕು. ಹಿರೇರು ಬ್ಯಾಡ ಅಂದಾರ, ಅಷ್ಟ ನನಗ ಗೊತ್ತು.”

“ಹಿರೇರು ಸಮುದ್ರ ದಾಟಬ್ಯಾಡ ಅಂತನೂ ಅಂದಿದ್ರು.”

“ನೀ ಏನು ಸಮುದ್ರ ದಾಟೂದು! ಉಂಡ ತಾಟು ದಾಟಿ ಹೋಗ್ತಿ, ತೊಳ್ಯೂದು ಕಲಿ ಮದಲ,” ಎಂದು ನಗುತ್ತ ಅಡಿಗೆಮನೆಗೆ ಹೋದರು.

ಮಾತಿನಲ್ಲಿ ಅವರೇ ಗೆದ್ದಿದ್ದರು. ನನಗದು ಸೇರಲಿಲ್ಲ. ಕಚ್ಚಿದ ಪೇರಲದ ಅರ್ಧವನ್ನು ಇಂದೂ ಕೈಗಿಟ್ಟೆ. ಪ್ರೀತಿಯಿಂದ ಕೊಟ್ಟೆನೇ ಎಂದು ನನ್ನನ್ನೇ ಎಷ್ಟೋ ಸಲ ಪಾಟೀಸವಾಲು ಮಾಡಿದ್ದೇನೆ. ಪ್ರೀತಿ ಇತ್ತು, ಇಲ್ಲವೆನ್ನಲಾರೆ. ಆದರೆ ಕೊಟ್ಟದ್ದು ಪ್ರಯೋಗಕ್ಕೆ. ಮುಂದಿನ ಮಂಗಳವಾರ ಬಂದು, ‘ವೈನಿ, ಹೋದ ವಾರ ಕೂಸಿಗೆ ನನ್ನ ಎಂಜಲು ತಿನ್ನಿಸಿದ್ದೆ, ಏನಾಯಿತು ಹೇಳ್ರಿ’ ಎಂದು ಅವರ ಬಾಯಿ ಕಟ್ಟಬೇಕೆಂದಿದ್ದೆ. ಇಂದೂ ಬೀಜಸಹಿತ ತಿಂದು, ಕೈಯನ್ನು ನನ್ನ ಧೋತರಕ್ಕೆ ಒರೆಸಿ ಹೋದಳು.

ಇಲ್ಲಿ ನ್ಯಾಯವಾಗಿ ಎದುರು ಪಕ್ಷವನ್ನೂ ಹೇಳಬೇಕು. ಇಂದೂಗೆ ನನ್ನಿಂದಲೇ ಬಂತೆನ್ನಲು ಸಾಕ್ಷಿಯಿಲ್ಲ. ವಾಡೆಯಲ್ಲಿ ಇಪ್ಪತ್ತು ಸಂಸಾರ, ಒಂದೇ ನಲ್ಲಿ. ಯಾರಿಂದಲೂ ಬರಬಹುದು. ಅವಳಿಗೇ ಮೊದಲು ಬಂದು ಅವಳಿಂದ ನನಗೆ ಬಂದಿರಬಹುದು. ಪೇರಲ ಕೊಟ್ಟದ್ದರ ಹಿಂದಿನ ಮಂಗಳವಾರ ಅವಳು ನನ್ನ ತೊಡೆಯ ಮೇಲೇ ಕೂತಿದ್ದಳು. ಹಾಗಿದ್ದರೆ ಪೇರಲಕ್ಕೆ ಮೊದಲೇ ಅವಳಿಗೆ ಊಟ ಸೇರದೆ ಹೋಗಿರಬೇಕು, ಅದು ಗೊತ್ತಿರುವುದು ವೈನಿಗೆ ಮಾತ್ರ. ದವಾಖಾನೆಯವರು ನನ್ನ ಗಂಟಲ ಪರೀಕ್ಷೆ ಮಾಡಿ ಈಗ ರೋಗದ ಬೀಜವಿಲ್ಲ ಎಂದರು. ಈಗ ಇಲ್ಲ ಎಂಬುದು ಆಗ ಇರಲಿಲ್ಲ ಎಂಬುದಕ್ಕೆ ಪ್ರಮಾಣವಲ್ಲ. ಹೀಗೆ ದಿನಕ್ಕೆ ಎಷ್ಟು ಸಲ ಎರಡೂ ಪಕ್ಷ ವಹಿಸಿದೆನೋ. ತೀರ್ಪು ಕೊಡುವವರು ಯಾರೂ ಆ ಖೋಲಿ ಹೊಗಲಿಲ್ಲ.

ಇದರ ನಡುವೆ ಜಮಖಂಡಿಯಿಂದ ಕಾಕಾ ಬಂದರು. ಬಾಗಿಲಲ್ಲಿ ನಿಂತು, “ಹೆಂಗಿದ್ದಿ?” ಎಂದರು. ನಾನು ಹೇಳಿದೆ. “ಏನಂದಿ?” ಮತ್ತೆ ಹೇಳಿದೆ. ಮೂರನೆಯ ಸಲ ಅವರು ಕೇಳಲಿಲ್ಲ, ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು. ನರ್ಸಿನ ಕಣ್ಣು ತಪ್ಪಿಸಿ ಮಠದಿಂದ ತಂದ ಅಂಗಾರದ ಪ್ರಸಾದವನ್ನು ನನ್ನ ದಿಂಬಿನಡಿ ಇಟ್ಟರು. ಬೇಡವೆಂದು ಪಾಟಿಯ ಮೇಲೆ ಬರೆಯಲು ಹೋದೆ. ಬರೆದದ್ದು ನನಗೇ ಕಾಣಲಿಲ್ಲ, ಒಂದರ ಮೇಲೊಂದು ಬಿತ್ತು. ಕಾಕಾ ನೋಡಿದರು. ತಮ್ಮ ಚಾಳೀಸನ್ನು ತೆಗೆದು ನನ್ನ ಮೂಗಿಗೇರಿಸಿದರು. ಅಕ್ಷರಗಳು ಎದ್ದು ನಿಂತವು.

“ಇಪ್ಪತ್ತೊಂದನೇ ವರ್ಷಕ್ಕ ಚಾಳೀಸು! ಹಣ್ಣಹಣ್ಣ ಮುದುಕ ಆದಿ ನೋಡು,” ಎಂದು ನಕ್ಕರು. ಹೋಗುವಾಗ ಅದನ್ನು ಕೇಳಲಿಲ್ಲ. ದಿನವೂ ಪೋಥಿ ಓದದೆ ನೀರು ಮುಟ್ಟದವರು ಅವರು. ಎರಡು ತಿಂಗಳು ಪುಸ್ತಕ ಮುಂದೆ ತೆರೆದಿಟ್ಟುಕೊಂಡು, ಬಾಯಿಪಾಠ ಇದ್ದಷ್ಟನ್ನೇ ಹೇಳಿಕೊಂಡರೆಂದು ಆಮೇಲೆ ತಿಳಿಯಿತು. ಕಟ್ಟೆಯ ಮೇಲೆ ಹೇಳುವ ಕಥೆಯಲ್ಲಿ ಕಾಕಾ ಇದನ್ನು ಹೇಳುವುದೇ ಇಲ್ಲ.

ಶ್ರೀಪಾದರಾಯರು ಬಂದದ್ದು ಒಂದೇ ಸಲ, ಕಚೇರಿ ಬಿಟ್ಟ ಮೇಲೆ. ಕಿಟಕಿಯ ಸರಳು ಹಿಡಿದು ನಿಂತರು. ಬಹಳ ಬಡವಾಗಿದ್ದರು.

“ನುಚ್ಚು ಸೇರಿತೇನಪಾ?” ಎಂದರು. ಆಗ ತಿಳಿಯಿತು ಅದು ಯಾರ ಕೈಯದೆಂದು. “ನಿಮ್ಮ ವೈನಿ ನಿನ್ನ ಸಲುವಾಗಿ ಗಣಪತಿಗೆ ಹರಕಿ ಹೊತ್ತಾಳ. ಕಾಶಿಗೆ ಹೋದವರು ಹಣ್ಣು ಬಿಡತಾರಲಾ, ಹಂಗ ಪೇರಲ ಬಿಟ್ಟಾಳ. ಜನ್ಮಪೂರ್ತಿ ತಿನ್ನೂದಿಲ್ಲಂತ.”

ಪಾಟಿಯ ಮೇಲೆ ಬರೆದೆ: ಪೇರಲ ಯಾಕೆ?

“ಇಂದೂಗ ಭಾಳ ಸೇರ್ತಿತ್ತಲಾ, ಅದಕ್ಕಿರಬೇಕು. ನಾ ಕೇಳಲಿಲ್ಲ. ಈಗ ನಮ್ಮ ಮನ್ಯಾಗ ಯಾರೂ ಯಾರನ್ನೂ ಏನೂ ಕೇಳೂದಿಲ್ಲ.”

ಅವರು ಹೋದರು. ನಾನು ಬಳಪ ಹಿಡಿದು ಮಲಗಿದೆ. ಮಗಳಿಗೆ ಇಷ್ಟವಾದ ಹಣ್ಣೆಂದು ತಾಯಿ ಬಿಟ್ಟಿರಬಹುದು. ಅದು ಸಹಜ, ಅಷ್ಟಕ್ಕೇ ನಿಲ್ಲಬಹುದು. ಅಥವಾ ಅಡಿಗೆಮನೆಯ ಬಾಗಿಲ ಸಂದಿಯಿಂದ ಅವರು ನೋಡಿದ್ದರು. ನೋಡಿದ್ದರೆ, ಮಗಳ ಕೈಗೆ ಆ ಹಣ್ಣಿಟ್ಟವನ ದನಿಗಾಗಿ ದೇವರಲ್ಲಿ ಬೇಡಿಕೊಂಡ ಹೆಂಗಸು ಎಂಥವಳು? ನೋಡಿರದಿದ್ದರೆ, ನಾನು ಬಾಯಿ ಬಿಡದೆ ಇರುವ ತನಕ ಅವರ ಕೈಯ ನುಚ್ಚು ಉಣ್ಣುತ್ತಿರುವ ನಾನು ಎಂಥವನು?

ಆರನೆಯ ವಾರ ಕಳೆದು ಕೆಲವು ದಿನಕ್ಕೆ, ನೀರು ಕುಡಿಯುತ್ತ, ಮೂಗು ಒಣಗಿಯೇ ಇದೆ ಎಂದು ಹೊಳೆಯಿತು. ಬಿಂದ್ಯಾ ಕನ್ನಡಿ ಹಿಡಿದು ಅಂದು ಒಳಗೇ ಬಂದುಬಿಟ್ಟ. ಆ ಎಂದೆ. ಎಡಗಡೆ ಒಂದಿಷ್ಟು ಸೋಮಾರಿಯಾಗಿ, ಆದರೆ ಕಮಾನು ಎದ್ದಿತು. ಬಿಂದ್ಯಾ ಕುಣಿದ, ನರ್ಸು ಬಂದು ಅವನನ್ನು ಹೊರಗಟ್ಟಿದಳು. ಹರಕೆಯ ಫಲವೇ? ಈ ರೋಗದ ವಿಷ ಆರೆಂಟು ವಾರಕ್ಕೆ ತಾನಾಗಿ ಇಳಿಯುತ್ತದೆ, ಹರಕೆ ಹೊರದವರಿಗೂ ಇಳಿಯುತ್ತದೆ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಇದು ನನ್ನ ಪಕ್ಷ, ಇಂದಿಗೂ ಬಿಟ್ಟುಕೊಟ್ಟಿಲ್ಲ.

ಯುಗಾದಿ ಕಳೆದ ಮೇಲೆ ಒಂದು ಮಂಗಳವಾರ ವೈನಿಯ ಮನೆಗೆ ಹೋದೆ. ಕರೆದಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ. ಶ್ರೀಪಾದರಾಯರು ಕಚೇರಿಗೆ ಹೋಗಿದ್ದರು. ಗೋಡೆಯ ಸುಣ್ಣ ಇನ್ನೂ ಹೊಸದಾಗಿತ್ತು. ವೈನಿ ನನ್ನನ್ನು ನೋಡಿ ಒಂದು ಮಣೆ ಹಾಕಿದರು.

“ಏನರೆ ಅನ್ನು. ದನಿ ಕೇಳೂಣು,” ಎಂದರು.

“ವೈನಿ,” ಎಂದೆ.

“ಸಾಫ್ ಅದ.” ತಟ್ಟೆಗೆ ಅನ್ನ ಹಾಕಿದರು. “ಗಣಪತಿ ದೊಡ್ಡಾಂವ ಬಿಡು. ನೀ ನಂಬು, ಬಿಡು.”

ವೇದಿಕೆಯ ಮೇಲಾಗಿದ್ದರೆ ನನ್ನ ಬಳಿ ಐದು ಉತ್ತರಗಳಿದ್ದವು. ಅನ್ನ ಕಲಸಿಕೊಂಡೆ. ಗಣಪತಿಯ ಕಥೆಯಲ್ಲಿ ನಾನು ಶಿಕ್ಷೆ ಅನುಭವಿಸಿ ಮುಗಿಸಿದವನು, ಅವರು ನತದೃಷ್ಟ ತಾಯಿ, ಅಷ್ಟೇ. ಅಲ್ಲಿ ಯಾರೂ ಯಾರ ಕೈಗೂ ಹಣ್ಣು ಇಡುವುದಿಲ್ಲ. ಆ ಕಥೆಯನ್ನು ಅವರು ನಂಬಿ ಹೇಳುತ್ತಿದ್ದರೋ, ನನಗಾಗಿ ಹೇಳುತ್ತಿದ್ದರೋ ತಿಳಿಯಲಿಲ್ಲ. ಅದರೊಳಗೆ ನಾನೂ ಕೂತುಬಿಡಬಹುದಿತ್ತು. ಎದುರಾಳಿಯ ಮನೆಯಲ್ಲಿ ನನಗೂ ಒಂದು ಮಣೆ ಇತ್ತು.

ಊಟ ಅರ್ಧವಾಗಿತ್ತು. ವೈನಿ ಮಜ್ಜಿಗೆಯ ಪಾತ್ರೆ ಹಿಡಿದು ಬಗ್ಗಿದರು. ಕಣ್ಣು ಮೇಲೆತ್ತದೆ, ಒಂದೊಂದೇ ಅಕ್ಷರ ಸ್ಪಷ್ಟವಾಗುವಂತೆ ಕೇಳಿದೆ:

“ವೈನಿ, ನಾ ಇಂದೂಗ ನನ್ನ ಎಂಜಲ ಪೇರಲ ಕೊಟ್ಟೆನಲ್ಲರಿ, ಅದರ ಹಿಂದಿನ ದಿನಾ, ಸೋಮವಾರ, ಅಕಿ ಹೊಟ್ಟಿ ತುಂಬ ಉಂಡಿದ್ದಳೇನ್ರಿ?”